ಬಾಡಿ ಫ್ಯಾಟ್ ಪರ್ಸೆಂಟೇಜ್ ಅಂದರೆ ಏನು?

ಶಿರಸಿ ಕಡೆ ಮದುವೆಮನೆಗೆ ಹೋದರೆ ಪಾನಕಕ್ಕೂ ಮೊದಲು ಒಂದು ಮಾತು ಬರುತ್ತದೆ: "ಏನೇ, ದಪ್ಪ ಆಗ್ಬಿಟ್ಟಿದ್ದೀಯಲ್ಲ!" ಕಳೆದ ಸಲ ಅದನ್ನು ಕೇಳಿಸಿಕೊಂಡವರು ನಮ್ಮ ಅತ್ತಿಗೆ. ಆರು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದರು, ತೂಕ ಮಾತ್ರ ಅದೇ 60 ಕೆಜಿ. ರಾತ್ರಿ ಕೂತು ಅತ್ತೇ ಬಿಟ್ಟರು. ಆದರೆ ಅವತ್ತು ಬೆಳಿಗ್ಗೆ ಅವರ ಹಳೇ ರವಿಕೆ ಸಡಿಲ ಅಂತ ಎರಡೂ ಪಕ್ಕ ಪಿನ್ ಹಾಕಿದ್ದು ನಾನೇ!

ಒಟ್ಟು ತೂಕದಲ್ಲಿ ಕೊಬ್ಬಿನ ಪಾಲು ಶೇಕಡಾ ಎಷ್ಟು ಅನ್ನುವುದೇ ಬಾಡಿ ಫ್ಯಾಟ್ ಪರ್ಸೆಂಟೇಜ್. ಉಳಿದದ್ದು ಮಾಂಸಖಂಡ, ಮೂಳೆ, ನೀರು, ಒಳಗಿನ ಅಂಗಗಳು. 60 ಕೆಜಿಯಲ್ಲಿ ಶೇ. 30 ಅಂದರೆ 18 ಕೆಜಿ ಕೊಬ್ಬು. ಅದು ಶೇ. 27ಕ್ಕೆ ಇಳಿದರೆ 16.2 ಕೆಜಿ. ಅಷ್ಟೇ ಮಾಂಸಖಂಡ ಬೆಳೆದಿದ್ದರೆ ತಕ್ಕಡಿಯ ಮುಳ್ಳು ಅಲ್ಲಾಡುವುದೇ ಇಲ್ಲ. ಒಂದೇ ತೂಕದ ಕೊಬ್ಬಿಗಿಂತ ಮಾಂಸಖಂಡ ಕಡಿಮೆ ಜಾಗ ಹಿಡಿಯುತ್ತದೆ. ರವಿಕೆ ಸಡಿಲ ಆಗಿದ್ದು ಅದಕ್ಕೇ.

ಹೆಂಗಸರ ಮೈಯಲ್ಲಿ ಗಂಡಸರಿಗಿಂತ ಕೊಬ್ಬು ಜಾಸ್ತಿ ಇರುವುದು ಸಹಜ. ಬದುಕಲು ಬೇಕೇ ಬೇಕಾದ ಕೊಬ್ಬು ಗಂಡಸರಿಗೆ ಶೇ. 2ರಿಂದ 5, ಹೆಂಗಸರಿಗೆ ಶೇ. 10ರಿಂದ 13 ಅಂತ ಲೆಕ್ಕ ಹಾಕುತ್ತಾರೆ. ಹೆಂಗಸರಿಗೆ ಸಾಮಾನ್ಯವಾಗಿ ಶೇ. 25ರಿಂದ 31ರವರೆಗೂ ಚಿಂತೆ ಇಲ್ಲ. ತೀರಾ ಇಳಿಸಿದರೆ ಮುಟ್ಟು ನಿಲ್ಲಬಹುದು, ಮೂಳೆ ಸವೆಯಬಹುದು. ಹಾಗಾಗಿ ಊಟ ಬಿಟ್ಟು ಒಣಗುವ ಹುಡುಗಿಯರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಹಸಿವಿನಿಂದ ಇಳಿಯುವ ತೂಕದಲ್ಲಿ ಮಾಂಸಖಂಡವೂ ಕರಗುತ್ತದೆ. ವಯಸ್ಸು ಮೂವತ್ತು ದಾಟಿದ ಮೇಲೆ ಅದು ತಾನಾಗೇ ಕಡಿಮೆಯಾಗುತ್ತಾ ಹೋಗುತ್ತದೆ, ನಾವೂ ಕಳೆಯಬೇಕಾ?

ಕಾರವಾರದ ಪೇಟೆಯಲ್ಲಿ ಮೀನು ಮಾರುವ ಅಕ್ಕಂದಿರು ತುಂಬಿದ ಬುಟ್ಟಿಯನ್ನು ತಲೆಗೇರಿಸುವಾಗ ಅವರ ಕತ್ತು, ಭುಜ, ಮುಂಗೈ ನೋಡಿ. ಅದು ಮಾಂಸಖಂಡ. ಅವರನ್ನು "ದಪ್ಪ" ಅನ್ನುವವರಿಗೆ ಆ ಬುಟ್ಟಿ ಎತ್ತಲು ಆಗುತ್ತದಾ?

ಹಾಗಂತ ಸಣ್ಣಗಿದ್ದವರೆಲ್ಲ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ನಮ್ಮ ದೇಶದವರಲ್ಲಿ ತೂಕ ಕಡಿಮೆ ಇದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ಜಾಸ್ತಿ. ಹೆಂಗಸರ ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಿದರೆ ಗಮನ ಕೊಡಬೇಕು. ಅದಕ್ಕೆ ಟೈಲರ್ ಟೇಪ್ ಸಾಕು.

ಈ ಪರ್ಸೆಂಟೇಜ್ ತೋರಿಸುವ ಜಿಮ್‌ನ ಮೆಷಿನ್ ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ಪಾದದಿಂದ ಸಣ್ಣ ಕರೆಂಟ್ ಹರಿಸಿ ಅಂದಾಜು ಮಾಡುತ್ತದೆ. ನೀರು ಕಡಿಮೆ ಕುಡಿದ ದಿನ, ಮುಟ್ಟಿನ ದಿನ ಅಂಕಿ ಏರುಪೇರಾಗುತ್ತದೆ. ತಿಂಗಳಿಗೊಮ್ಮೆ, ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿದರೆ ಸಾಕು.