ಗೂಗಿ ಗಿಕುಯುವಿಗೆ ಮರಳಿದ ದಾರಿ

2025ರ ಮೇ 28ರಂದು ತಮ್ಮ 87ನೆಯ ವಯಸ್ಸಿನಲ್ಲಿ ತೀರಿಕೊಂಡ ಕೆನ್ಯಾದ ಕಾದಂಬರಿಕಾರ, ನಾಟಕಕಾರ ಗೂಗಿ ವಾ ಥಿಯಾಂಗೊ ಅವರು ಇಂಗ್ಲಿಷಿನಲ್ಲಿ ಕಾದಂಬರಿ ಬರೆಯುವುದನ್ನು ಬಿಟ್ಟು ತಮ್ಮ ತಾಯ್ನುಡಿ ಗಿಕುಯುವಿಗೆ ಏಕೆ ಮರಳಿದರು ಎಂಬ ಪ್ರಶ್ನೆಗೆ, ಆಫ್ರಿಕಾದ ಸಾಹಿತ್ಯದಲ್ಲಿ ಭಾಷೆಯ ರಾಜಕಾರಣವನ್ನು ಚರ್ಚಿಸುವ 1986ರ ‘ಡಿಕಾಲನೈಸಿಂಗ್ ದ ಮೈಂಡ್’ ಪುಸ್ತಕವನ್ನು ತೋರಿಸುವುದು ವಾಡಿಕೆ. ಆದರೆ ಆ ನಿರ್ಧಾರ ಪುಸ್ತಕಕ್ಕಿಂತ ಹಳೆಯದು. ಅದರ ಬೇರು ಇರುವುದು ಲಿಮುರು ಪಟ್ಟಣದ ಬಳಿಯ ಕಾಮಿರೀಥು ಎಂಬ ಹಳ್ಳಿಯಲ್ಲಿ.

ಅವರು ಹುಟ್ಟಿದ್ದೂ ಆ ಸೀಮೆಯಲ್ಲೇ, 1938ರಲ್ಲಿ. ವಸಾಹತು ಕಾಲದ ಶಾಲೆಯಲ್ಲಿ ಗಿಕುಯು ಮಾತಾಡಿ ಸಿಕ್ಕಿಬಿದ್ದ ಮಕ್ಕಳಿಗೆ ಬೆತ್ತದ ಏಟು ಬೀಳುತ್ತಿತ್ತು, ಇಲ್ಲವೇ ‘ನಾನು ಕತ್ತೆ’ ಎಂದು ಬರೆದ ಫಲಕವನ್ನು ಕೊರಳಿಗೆ ತೂಗುಹಾಕಲಾಗುತ್ತಿತ್ತು. ಕನ್ನಡ ಮಾತಾಡಿದ ತಪ್ಪಿಗೆ ಶಾಲೆಯಲ್ಲಿ ದಂಡ ಕಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೂಗಿ ಉಗಾಂಡಾದ ಮಕೆರೆರೆ ಕಾಲೇಜಿನಲ್ಲಿ ಓದುತ್ತಿದ್ದಾಗ ಬರೆದ ‘ದ ಬ್ಲ್ಯಾಕ್ ಹರ್ಮಿಟ್’ ನಾಟಕವೂ, 1964ರಲ್ಲಿ ಜೇಮ್ಸ್ ಗೂಗಿ ಎಂಬ ಹೆಸರಿನಲ್ಲಿ ಬಂದ ಮೊದಲ ಕಾದಂಬರಿಯೂ ಇಂಗ್ಲಿಷಿನವು.

1976ರ ಒಂದು ಬೆಳಗ್ಗೆ ಕಾಮಿರೀಥುವಿನ ಹೆಂಗಸೊಬ್ಬರು ಗೂಗಿಯವರ ಮನೆಗೆ ಬಂದು, ಇಷ್ಟೊಂದು ಓದಿದವರು ಆ ಓದಿನಲ್ಲಿ ಸ್ವಲ್ಪವನ್ನು ಊರಿಗೂ ಕೊಡಬಾರದೇಕೆ ಎಂದು ಕೇಳಿದರು. ಒಂದು ತಿಂಗಳ ಕಾಲ ಭಾನುವಾರ ತಪ್ಪದೆ ಬಂದು ಕೇಳಿದರು. ಹೀಗೆ ಊರಿನ ಶಿಕ್ಷಣ ಕೇಂದ್ರದ ಕೆಲಸಕ್ಕೆ ಇಳಿದ ಅವರು, ಗೂಗಿ ವಾ ಮಿರೀ ಎಂಬ ಇನ್ನೊಬ್ಬ ಲೇಖಕರೊಡನೆ ಗಿಕುಯುವಿನಲ್ಲಿ ‘ನ್ಗಾಹಿಕಾ ನ್ದೇಂದಾ’ (ಮನಸ್ಸಾದಾಗ ಮದುವೆಯಾಗುವೆ) ನಾಟಕ ಬರೆದರು. ರೈತರು, ತೋಟದ ಕೂಲಿಗಳು, ಕಾರ್ಖಾನೆಯ ಕಾರ್ಮಿಕರು ಎರಡು ಸಾವಿರ ಜನ ಕೂರುವ ಬಯಲು ರಂಗಮಂದಿರವನ್ನು ತಾವೇ ಕಟ್ಟಿದರು. ತಾಲೀಮು ಎಲ್ಲರೆದುರು ನಡೆಯುತ್ತಿದ್ದುದರಿಂದ, ಮುದುಕನೊಬ್ಬ ಹೀಗೆ ಮಾತಾಡುವುದಿಲ್ಲ ಎಂದು ಊರವರು ಲೇಖಕರ ಭಾಷೆಯನ್ನೇ ತಿದ್ದಿದರು. ಪ್ರಾಧ್ಯಾಪಕರಾಗಿದ್ದ ಗೂಗಿ ಅಲ್ಲಿ ಮತ್ತೆ ವಿದ್ಯಾರ್ಥಿಯಾದರು ಎಂಬುದೇ ಈ ಕಥೆಯಲ್ಲಿ ನನಗೆ ಬಹಳ ಮುಖ್ಯವೆನಿಸುತ್ತದೆ.

1977ರ ಅಕ್ಟೋಬರ್ 2ರಂದು ಆರಂಭವಾದ ಪ್ರದರ್ಶನವನ್ನು ಸರ್ಕಾರ ನವೆಂಬರ್ 16ರಂದು ನಿಲ್ಲಿಸಿತು. ವರ್ಷದ ಕೊನೆಗೆ ಗೂಗಿಯವರ ಬಂಧನವಾಯಿತು. ಅದೇ ವರ್ಷ ಬಂದ ‘ಪೆಟಲ್ಸ್ ಆಫ್ ಬ್ಲಡ್’ ಎಂಬ ಇಂಗ್ಲಿಷ್ ಕಾದಂಬರಿಯೂ ಆಳುವವರನ್ನು ಅಷ್ಟೇ ಕಟುವಾಗಿ ಟೀಕಿಸಿತ್ತು, ಆದರೆ ಅದಕ್ಕೆ ನಿಷೇಧವಿರಲಿಲ್ಲ. ಆಳುವವರು ಅಂಜಿದ್ದು ವಿಚಾರಕ್ಕಿಂತ ಹೆಚ್ಚಾಗಿ, ಅದು ಯಾರ ನುಡಿಯಲ್ಲಿ ಯಾರನ್ನು ಮುಟ್ಟುತ್ತದೆ ಎಂಬುದಕ್ಕೆ.

ಕಾಮಿಟಿ ಸೆರೆಮನೆಯಲ್ಲಿ ಶೌಚದ ಕಾಗದದ ಮೇಲೆ ಅವರು ಗುಟ್ಟಾಗಿ ಬರೆದ ಗಿಕುಯು ಕಾದಂಬರಿ 1980ರಲ್ಲಿ ಅಚ್ಚಾಯಿತು. 1982ರಲ್ಲಿ ಸರ್ಕಾರ ಕಾಮಿರೀಥುವಿನ ರಂಗಮಂದಿರವನ್ನು ನೆಲಸಮ ಮಾಡಿತು. ಆ ವರ್ಷ ವಿದೇಶದಲ್ಲಿದ್ದ ಗೂಗಿ ಮತ್ತೆ ಕೆನ್ಯಾದಲ್ಲಿ ಕಾಲಿಟ್ಟದ್ದು 2004ರಲ್ಲಿ.

2010ರಿಂದ ಬಂದ ಆತ್ಮಕಥನದ ಸಂಪುಟಗಳು ಇಂಗ್ಲಿಷಿನಲ್ಲೇ ಇವೆ. ಇದನ್ನು ಅವರ ನಿಲುವಿನ ಬಿರುಕು ಎನ್ನುವುದು ಅವಸರದ ಮಾತು, ಏಕೆಂದರೆ ಕಥೆಯನ್ನು ಅವರು ಗಿಕುಯುವಿಗೇ ಮೀಸಲಿಟ್ಟರು. ಗಿಕುಯು ಜನಾಂಗದ ಮೂಲಕಥೆಯನ್ನು ಪದ್ಯದಲ್ಲಿ ಹೇಳುವ ಅವರ ಕೃತಿ, ಅವರದೇ ಇಂಗ್ಲಿಷ್ ಅನುವಾದದಲ್ಲಿ, 2021ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಮೊದಲ ಪಟ್ಟಿಗೆ ಬಂತು; ಆಫ್ರಿಕಾದ ದೇಶಭಾಷೆಯೊಂದರಲ್ಲಿ ಹುಟ್ಟಿದ ಪುಸ್ತಕ ಆ ಪಟ್ಟಿಯಲ್ಲಿ ಕಾಣಿಸಿಕೊಂಡದ್ದು ಅದೇ ಮೊದಲು.