ಕೊನೆಯ ಫೋಟೋ ತೋರಿಸಿ ಅಂತ ಕೇಳಿ

"ಮೇಡಂ, ಹೇರ್ ಸ್ಟೈಲ್ ಮಾಡಿಕೊಟ್ಟು ಹೋಗೋಕೆ ಎಷ್ಟು ತಗೋತೀರಾ?"

ವಾರಕ್ಕೆ ನಾಲ್ಕೈದು ಫೋನ್ ಹೀಗೇ ಶುರುವಾಗುತ್ತವೆ. ಪ್ರೀ ವೆಡ್ಡಿಂಗ್ ಶೂಟ್ ಇರುತ್ತದೆ, ಸೀಮಂತದ ಶೂಟ್ ಇರುತ್ತದೆ, ಮಾಡೆಲಿಂಗ್‌ಗೆ ಹೊರಟ ಹುಡುಗಿಯ ಪೋರ್ಟ್‌ಫೋಲಿಯೊ ಇರುತ್ತದೆ. ಕೇಳುವವರೆಲ್ಲ ಒಳ್ಳೆಯವರೇ. ನನಗೆ ಕಿರಿಕಿರಿ ಆಗುವುದು ಆ ಒಂದು ಮಾತಿಗೆ. 'ಹೋಗೋಕೆ'. ಎಲ್ಲಿಗೆ ಹೋಗಲಿ? ಫೋಟೋ ತೆಗೆಯುವುದು ಇನ್ನೂ ಶುರುವೇ ಆಗಿಲ್ಲ ಅಲ್ವಾ?

ಬೆಂಗಳೂರಿನಲ್ಲಿ 17 ವರ್ಷದಿಂದ ಜನರ ತಲೆಗೂದಲ ಜೊತೆ ಗುದ್ದಾಡುತ್ತಿದ್ದೇನೆ. ಮೊದಲು ಸಲೂನಿನಲ್ಲಿದ್ದೆ, ಈಗ ಹೆಚ್ಚಾಗಿ ಶೂಟ್‌ಗಳಲ್ಲಿ. ಇಷ್ಟು ವರ್ಷದಲ್ಲಿ ಜನ ಸ್ಟೈಲಿಸ್ಟ್ ಹುಡುಕುವ ರೀತಿ ಮಾತ್ರ ಬದಲಾಗಲೇ ಇಲ್ಲ. ಮೊಬೈಲ್ ತೆಗೆದು ಫೋಟೋ ನೋಡುತ್ತಾರೆ. "ಅಬ್ಬಾ, ಎಷ್ಟು ಚೆನ್ನಾಗಿದೆ" ಅನ್ನುತ್ತಾರೆ. ಬುಕ್ ಮಾಡುತ್ತಾರೆ.

ಆ ಫೋಟೋಗಳನ್ನು ಸ್ವಲ್ಪ ಗಮನಿಸಿ ನೋಡಿ. ಮುಕ್ಕಾಲು ಪಾಲು ಬೆನ್ನ ಕಡೆಯಿಂದ ತೆಗೆದವು. ತೆಗೆದಿರುವುದು ಸಲೂನಿನೊಳಗೆ, ಎಸಿ ಕೆಳಗೆ, ರಿಂಗ್ ಲೈಟ್ ಮುಂದೆ. ಕೊನೆಯ ಪಿನ್ ಸಿಕ್ಕಿಸಿ ಎರಡು ನಿಮಿಷವೂ ಆಗಿರುವುದಿಲ್ಲ, ಸ್ಪ್ರೇ ವಾಸನೆ ಇನ್ನೂ ಕೋಣೆಯಲ್ಲೇ ಇರುತ್ತದೆ. ಆ ಹೊತ್ತಿಗೆ ಯಾರು ಮಾಡಿದ ತುರುಬೂ ಚೆನ್ನಾಗಿಯೇ ಕಾಣುತ್ತದೆ. ನಾನು ಕಲಿಯುವಾಗ ಮಾಡಿದ್ದೂ ಚೆನ್ನಾಗಿ ಕಂಡಿತ್ತು. ಆದರೆ ನಿಮ್ಮ ಫೋಟೋ ತೆಗೆಯುವುದು ಮುಂದಿನಿಂದ, ಬಯಲಿನಲ್ಲಿ, ಮೂರು ಗಂಟೆ ಕಳೆದ ಮೇಲೆ.

ಅದಕ್ಕೇ ಸ್ಟೈಲಿಸ್ಟ್ ಹುಡುಕುವವರಿಗೆ ನಾನು ಒಂದೇ ಮಾತು ಹೇಳುವುದು. ಅವರು ಮಾಡಿದ ಯಾವುದಾದರೂ ಶೂಟಿನ ಕೊನೆಯ ಫೋಟೋ ತೋರಿಸಿ ಅಂತ ಕೇಳಿ. ಫೋಟೋಗ್ರಾಫರ್ ತೆಗೆದದ್ದು, ಮುಂದಿನಿಂದ ತೆಗೆದದ್ದು, ಪ್ಯಾಕಪ್‌ಗೆ ಹತ್ತು ನಿಮಿಷ ಮೊದಲಿನದು. ಅದು ಅವರ ಹತ್ತಿರ ಇದ್ದರೆ, ಆ ಹೊತ್ತಿನಲ್ಲಿ ಅವರು ಅಲ್ಲೇ ಇದ್ದರು ಅಂತ ಸಾಮಾನ್ಯವಾಗಿ ಅರ್ಥ. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ. ಆಲ್ಬಮ್ ಹೊರಗೆ ತೋರಿಸಬೇಡಿ ಅನ್ನುವ ಮನೆಯವರೂ ಇರುತ್ತಾರೆ, ಹಾಗಾಗಿ ಫೋಟೋ ಇಲ್ಲ ಅಂದ ಕೂಡಲೇ ಅವರು ಕೆಟ್ಟ ಸ್ಟೈಲಿಸ್ಟ್ ಅಂತ ಹೇಳಲಾರೆ. ಆದರೆ "ಶೂಟ್ ಮುಗಿಯೋವರೆಗೂ ಇರ್ತೀರಾ?" ಅಂತ ಕೇಳಿದಾಗ "ಅದೇನೂ ಬೇಕಾಗಲ್ಲ ಮೇಡಂ, ನಮ್ಮದು ಅಲ್ಲಾಡಲ್ಲ" ಅಂದರೆ ಸ್ವಲ್ಪ ಯೋಚನೆ ಮಾಡಿ. ಅಲ್ಲಾಡದ ಕೂದಲನ್ನು ನಾನಂತೂ ಇನ್ನೂ ನೋಡಿಲ್ಲ, ವಿಗ್ ಬಿಟ್ಟು.

ಯಾಕೆ ಅಲ್ಲಾಡುತ್ತದೆ ಅಂತ ಹೇಳಿಬಿಡುತ್ತೇನೆ. ಇದು ಗೊತ್ತಾದರೆ ಅರ್ಧ ಜಗಳ ಮುಗಿಯುತ್ತದೆ. ಕೂದಲು ಅಂದರೆ ಕೆರಟಿನ್ ಅನ್ನುವ ಪ್ರೋಟೀನ್. ಅದರೊಳಗೆ ಹೈಡ್ರೋಜನ್ ಬಂಧಗಳಿವೆ. ಬಿಸಿ ತಾಗಿದರೆ ಬಿಡುತ್ತವೆ, ನೀರು ತಾಗಿದರೂ ಬಿಡುತ್ತವೆ. ತಣ್ಣಗಾದಾಗ, ಒಣಗಿದಾಗ ಆಗಿರುವ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಟಾಂಗ್‌ನಿಂದ ಗುಂಗುರು ಮಾಡುವುದು, ಐರನಿಂಗ್‌ನಿಂದ ನೇರ ಮಾಡುವುದು, ಎಲ್ಲ ಇದೇ. ಗುಂಗುರು ಮಾಡಿದ ಕೂಡಲೇ ಬಿಡದೆ ಸುರುಳಿ ಸುತ್ತಿ ಕ್ಲಿಪ್ ಹಾಕಿ ತಣ್ಣಗಾಗಲು ಬಿಡುತ್ತೇವಲ್ಲ, ಸುಮ್ನೆ ಹೊತ್ತು ಕಳೆಯಲು ಅಲ್ಲ. ತಣಿಯುವಾಗಲೇ ಆಕಾರ ನಿಲ್ಲುವುದು. ಆದರೆ ಗಾಳಿಯಲ್ಲಿರುವ ತೇವ ಕೂಡ ನೀರೇ ತಾನೆ? ಇಸ್ತ್ರಿ ಮಾಡಿದ ಕಾಟನ್ ಸೀರೆ ಮಳೆಗಾಲದ ಬೆಳಗ್ಗೆ ಬಸ್ಸಿನಲ್ಲಿ ಏನಾಗುತ್ತದೋ ಕೂದಲಿಗೂ ಅದೇ ಆಗುತ್ತದೆ. ಬೆಂಗಳೂರಿನ ಬಿಸಿಲಲ್ಲಿ ಮಧ್ಯಾಹ್ನದವರೆಗೂ ನಿಂತ ಕರ್ಲ್ ಮಲ್ಪೆಯ ಮರಳಲ್ಲಿ ಮುಕ್ಕಾಲು ಗಂಟೆ ನಿಂತರೆ ಪುಣ್ಯ. ನಂದಿ ಬೆಟ್ಟ 1,478 ಮೀಟರ್ ಎತ್ತರ. ಸೂರ್ಯ ಹುಟ್ಟುವಾಗ ಫೋಟೋ ಬೇಕು ಅಂತ ಎಲ್ಲರೂ ಅಲ್ಲಿಗೇ ಓಡುತ್ತಾರೆ, ಮಂಜೂ ಗಾಳಿಯೂ ಒಟ್ಟಿಗೇ ಇರುವ ಹೊತ್ತಿಗೆ ಸರಿಯಾಗಿ. ಅಲ್ಲಿಗೆ ಬಿಟ್ಟ ಕೂದಲು, ದೊಡ್ಡ ದೊಡ್ಡ ಕರ್ಲ್ ಬೇಕು ಅನ್ನುತ್ತಾರೆ. ಆಗಲಿ, ಮಾಡೋಣ. ಆದರೆ ಟಾಂಗ್ ಹಿಡಿದವಳು ಪಕ್ಕದಲ್ಲೇ ಇರಬೇಕು.

ಹೇರ್ ಸ್ಪ್ರೇ ಜಾಸ್ತಿ ಹೊಡೆದರೆ ಆಯ್ತಲ್ಲ ಅಂತ ಕೇಳಬೇಡಿ. ಜಾಸ್ತಿ ಹೊಡೆದರೆ ಕ್ಯಾಮೆರಾದಲ್ಲಿ ಒದ್ದೆ ಹಂಚಿಕಡ್ಡಿಯ ಹಾಗೆ ಕಾಣುತ್ತದೆ. ಇನ್ನೊಂದು ವಿಷಯ, ನಗಬೇಡಿ. ಸ್ಪ್ರೇಗೆ ಬೆಂಕಿ ಬೇಗ ಹತ್ತುತ್ತದೆ. ದೀಪಾವಳಿ ಶೂಟ್‌ಗೆ ಮುಖದ ಹತ್ತಿರ ಹಣತೆ ಹಿಡಿದು ನಿಲ್ಲಿಸುತ್ತಾರೆ. ಅಂಥ ಕಡೆ ಸ್ಪ್ರೇ ಹೊಡೆದು ಪೂರ್ತಿ ಒಣಗುವ ತನಕ ನಾನು ಯಾರ ಕೈಗೂ ದೀಪ ಕೊಡಗೊಡುವುದಿಲ್ಲ. ಫೋಟೋಗ್ರಾಫರ್‌ಗೆ ಎಷ್ಟೇ ಅವಸರ ಇರಲಿ.

ಇನ್ನು ಕ್ಯಾಮೆರಾದ ಮಾತು. ಎದುರಿಗೆ ಕೂತವರ ಕೆನ್ನೆ ಮೇಲೆ ಒಂದು ಎಳೆ ಕೂದಲು ಬಿದ್ದಿದ್ದರೆ ನಾವು ಗಮನಿಸುವುದೂ ಇಲ್ಲ. ಅವರು ಮಾತಾಡುತ್ತಾರೆ, ತಲೆ ತಿರುಗಿಸುತ್ತಾರೆ, ಅದು ಸರಿದು ಹೋಗುತ್ತದೆ. ಫೋಟೋದಲ್ಲಿ ಅದು ಅಲ್ಲೇ ಇರುತ್ತದೆ, ಮೊಮ್ಮಕ್ಕಳು ನೋಡುವವರೆಗೂ. ಸಂಜೆ ಬಿಸಿಲು ಹಿಂದಿನಿಂದ ಬಂದರೆ ಫೋಟೋಗ್ರಾಫರ್‌ಗೆ ಹಬ್ಬ, ನನಗೆ ಪ್ರಾಣಸಂಕಟ. ನೆತ್ತಿಯ ಮೇಲಿನ ಒಂದೊಂದು ಪುಡಿ ಕೂದಲೂ ತಾಮ್ರದ ತಂತಿಯ ಹಾಗೆ ಹೊಳೆಯುತ್ತದೆ. ಆಗ ನಾನು ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಒಂಚೂರು ಸ್ಪ್ರೇ ಹೊಡೆದು ಬೈತಲೆಯ ಎರಡೂ ಪಕ್ಕ ಮೆಲ್ಲಗೆ ಸವರುತ್ತೇನೆ. ಹತ್ತು ಸೆಕೆಂಡಿನ ಕೆಲಸ. ಆ ಹತ್ತು ಸೆಕೆಂಡು ಅಲ್ಲಿ ಯಾರೂ ಇಲ್ಲದಿದ್ದರೆ ಎಡಿಟಿಂಗ್ ಮಾಡುವ ಹುಡುಗ ಒಂದೊಂದು ಫೋಟೋಗೆ ಅರ್ಧ ಗಂಟೆ ಕೂರಬೇಕು. "ಎಡಿಟಿಂಗ್‌ನಲ್ಲಿ ಸರಿ ಮಾಡ್ತಾರೆ ಬಿಡಿ" ಅನ್ನುವವರು ಆ ಹುಡುಗನನ್ನು ಒಮ್ಮೆ ಮಾತಾಡಿಸಬೇಕು. ಜರಿ ಅಂಚಿನ ಮೇಲೆ ಬಿದ್ದ ಕೂದಲನ್ನು ಅಳಿಸಿದರೆ ಅದರ ಕೆಳಗಿನ ಜರಿಯನ್ನು ಅವನೇ ಬಿಡಿಸಿ ಕೂರಿಸಬೇಕು.

ಇಷ್ಟು ಬುದ್ಧಿ ಹೇಳುವ ನಾನೂ ಒಮ್ಮೆ ಮಾಡಿಕೊಟ್ಟು ಹೋದವಳೇ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಒಂದೇ ದಿನ ಎರಡು ಬುಕಿಂಗ್ ಒಪ್ಪಿಕೊಂಡಿದ್ದೆ. ಮೊದಲ ಹುಡುಗಿಗೆ ಬೆಳಗ್ಗೆ ಐದಕ್ಕೆ ಕೂತು ಚಂದದ ತುರುಬು ಹಾಕಿದೆ, ಒಳಗೆ ಸ್ಟಫಿಂಗ್ ಇಟ್ಟು. ಕನ್ನಡಿಯಲ್ಲಿ ನೋಡಿ ಅವಳು ನನ್ನ ಕೈ ಹಿಡಿದುಕೊಂಡಳು. ಆಟೋ ಹತ್ತಿ ಹೊರಟೆ. ಎರಡು ತಿಂಗಳಾದ ಮೇಲೆ ಅವಳೇ ಪ್ರೀತಿಯಿಂದ ಆಲ್ಬಮ್ ತಂದು ತೋರಿಸಿದಳು. ಬಲಗಿವಿಯ ಹಿಂದೆ ಒಂದು ಯು ಪಿನ್ ಅರ್ಧ ಇಂಚು ಹೊರಗೆ ಬಂದು ನಿಂತಿತ್ತು. ಒಂದೆರಡು ಫೋಟೋದಲ್ಲಿ ಅಲ್ಲ, ಪುಟ ತಿರುಗಿಸಿದಷ್ಟೂ. ಕಾರಿನ ಸೀಟಿಗೆ ತಲೆ ಒರಗಿಸಿದಾಗ ಜಾರಿರಬೇಕು. ಫೋಟೋಗ್ರಾಫರ್ ಮುಖ ನೋಡುತ್ತಿದ್ದ, ಹುಡುಗಿಗೆ ತನ್ನ ಕಿವಿಯ ಹಿಂದೆ ಕಾಣುವುದಿಲ್ಲ, ಅಮ್ಮ ಸೀರೆ ನೋಡುತ್ತಿದ್ದರು. ಕೂದಲನ್ನೇ ನೋಡಲು ಯಾರಿದ್ದರು? ಅವಳು ಇವತ್ತಿನವರೆಗೂ ಆ ಪಿನ್ ಗಮನಿಸಿಲ್ಲ ಅಂದುಕೊಂಡಿದ್ದೇನೆ. ನಾನೂ ಹೇಳಲಿಲ್ಲ.

"ಮೇಕಪ್ ಪ್ಯಾಕೇಜಲ್ಲೇ ಹೇರ್ ಫ್ರೀ ಇದೆ" ಅನ್ನುವುದು ಇನ್ನೊಂದು. ಎರಡೂ ಒಬ್ಬರೇ ಚೆನ್ನಾಗಿ ಮಾಡುವವರು ಇದ್ದಾರೆ, ನನ್ನ ಗೆಳತಿಯರಲ್ಲೇ ಇದ್ದಾರೆ. ಆದರೆ ಎರಡೂ ಬೇರೆ ಬೇರೆ ಕೆಲಸ ಅಂತ ಸಿನಿಮಾದವರಿಗೆ ಮೊದಲಿಂದ ಗೊತ್ತು. ಮುಂಬೈಯ ಸಿನಿಮಾ ಮೇಕಪ್, ಹೇರ್ ಕೆಲಸದವರ ಸಂಘದಲ್ಲಂತೂ ಆ ಗೆರೆ ತೀರಾ ಅತಿಗೆ ಹೋಗಿತ್ತು. ಹೆಂಗಸರು ಕೂದಲು ಮಾತ್ರ ಮುಟ್ಟಬಹುದು, ಮೇಕಪ್ ಏನಿದ್ದರೂ ಗಂಡಸರದ್ದು. ಮೇಕಪ್ ಕಲಾವಿದೆ ಚಾರು ಖುರಾನಾ ಅವರು ಕೋರ್ಟಿಗೆ ಹೋಗಿ 2014ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಬೇಕಾಯಿತು. ಆ ನಿಯಮ ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಎರಡು ಕೆಲಸಕ್ಕೆ ಎರಡು ಕಣ್ಣು ಬೇಕು ಅನ್ನುವ ಮಾತು ಹೋಗಿಲ್ಲ. ಒಬ್ಬರೇ ಮಾಡುವುದಾದರೆ ಸಹಾಯಕ್ಕೆ ಯಾರನ್ನು ಕರೆತರುತ್ತಾರೆ ಅಂತಾದರೂ ಕೇಳಿಕೊಳ್ಳಿ.

ನನ್ನ ದೊಡ್ಡಮ್ಮ ಇದನ್ನೆಲ್ಲ ಕೇಳಿದ್ದರೆ ನಗುತ್ತಿದ್ದರು. ಮೈಸೂರಿನ ನಮ್ಮ ಬೀದಿಯಲ್ಲಿ ಮೊಗ್ಗಿನ ಜಡೆ ಹೆಣೆಯಬೇಕು ಅಂದರೆ ಅವರೇ. ನಿಮ್ಮ ಮನೆಯಲ್ಲೂ ಆ ಫೋಟೋ ಇರುತ್ತದೆ. ಸೀಮಂತದ್ದೋ, ಹುಡುಗಿ ದೊಡ್ಡವಳಾದಾಗಿನದ್ದೋ. ಸ್ಟುಡಿಯೋದಲ್ಲಿ ಆಳೆತ್ತರದ ಕನ್ನಡಿಗೆ ಬೆನ್ನು ಕೊಟ್ಟು ನಿಲ್ಲಿಸಿರುತ್ತಾರೆ. ಮುಂದೆ ಮುಖ, ಹಿಂದೆ ಕನ್ನಡಿಯಲ್ಲಿ ಜಡೆ, ಕೆಳಗೆ ಕುಚ್ಚು. ಒಂದೇ ಫೋಟೋದಲ್ಲಿ ಎರಡೂ ಸಿಗಬೇಕು ಅಂತ ಆ ಕನ್ನಡಿ. ಎಷ್ಟು ಬುದ್ಧಿವಂತಿಕೆ ನೋಡಿ.

ದೊಡ್ಡಮ್ಮ ಬಾಳೆ ಪಟ್ಟೆಯ ಮೇಲೆ ಮೊಗ್ಗು ಹೊಲಿದು, ಚೌರಿ ಸೇರಿಸಿ ಹೆಣೆದ ಜಡೆಗೆ ಕಟ್ಟಿ ಮುಗಿಸುತ್ತಿದ್ದರು. ಅಲ್ಲಿಗೆ ಮುಗಿಯುತ್ತಿರಲಿಲ್ಲ. ಹುಡುಗಿಯ ಹಿಂದೆಯೇ ಸ್ಟುಡಿಯೋಗೆ ನಡೆದುಕೊಂಡು ಹೋಗುತ್ತಿದ್ದರು. ಕೈಯಲ್ಲಿ ಒಂದು ಬುಟ್ಟಿ. ಅದರಲ್ಲಿ ಸೂಜಿ ದಾರ, ಬಾಚಣಿಗೆ, ನಾಲ್ಕು ಪಿನ್ನು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಹಿಡಿ ಮೊಗ್ಗು. ಮಲ್ಲಿಗೆ ಮೊಗ್ಗು ಸಂಜೆಯಾದರೆ ಬಿರಿಯುತ್ತದೆ, ಯಾರ ಮಾತೂ ಕೇಳುವುದಿಲ್ಲ. ಸ್ಟುಡಿಯೋದವರ ದೀಪದ ಬಿಸಿಗೆ ಇನ್ನೂ ಬೇಗ. ಬಿರಿದದ್ದನ್ನು ಕಿತ್ತು ಅಲ್ಲಿಗೆ ಹೊಸ ಮೊಗ್ಗು ಹೊಲಿಯುತ್ತಿದ್ದರು, ಫೋಟೋದವರು ಪರದೆ ಬದಲಾಯಿಸುವಷ್ಟರಲ್ಲಿ. ಯಾರೂ ಅವರನ್ನು "ಜಡೆ ಹಾಕಿ ಆಯ್ತಲ್ಲ, ಇನ್ನು ಹೊರಡಿ" ಅಂದದ್ದಿಲ್ಲ. ಎಲೆ ಅಡಿಕೆ, ರವಿಕೆ ಕಣ ಕೊಟ್ಟು, ಊಟ ಹಾಕಿ ಕಳಿಸುತ್ತಿದ್ದರು.

ಉಳಿದದ್ದು ಸಣ್ಣಪುಟ್ಟದ್ದು, ಬೇಗ ಹೇಳುತ್ತೇನೆ. ನಿಮ್ಮಂಥದೇ ಕೂದಲಿನ ಮೇಲೆ ಮಾಡಿದ ಕೆಲಸ ನೋಡಿ. ಗುಂಗುರು ಕೂದಲು ಕಂಡ ಕೂಡಲೇ ಐರನಿಂಗ್ ಮೆಷಿನ್ ಹುಡುಕುವವರು ಗುಂಗುರಿನವರಿಗೆ ಬೇಡ. ಟ್ರಯಲ್ ಮಾಡಿಸಿ. ಮಾಡಿಸಿದ ಮೇಲೆ ಸೆಲ್ಫಿ ತೆಗೆದು ಬಿಚ್ಚಿಬಿಡಬೇಡಿ, ಹಾಗೇ ಇಟ್ಟುಕೊಂಡು ಮಾರ್ಕೆಟ್ಟಿಗೆ ಹೋಗಿ ಬನ್ನಿ, ಮೂರು ಗಂಟೆ ಬಿಟ್ಟು ಅದೇ ಜಾಗದಲ್ಲಿ ಇನ್ನೊಂದು ಫೋಟೋ ತೆಗೆಯಿರಿ. ಹಿಂದಿನ ದಿನ ಅಜ್ಜಿ ಹರಳೆಣ್ಣೆ ಹಿಡಿದು ಬಂದರೆ ಕಾಲಿಗೆ ಬಿದ್ದು ಬೇಡ ಅನ್ನಿ. ಬಣ್ಣ ಹಾಕಿಸುವುದಿದ್ದರೆ ವಾರ ಮೊದಲೇ ಹಾಕಿಸಿ, ಅದಕ್ಕೂ ಎರಡು ದಿನ ಮುಂಚೆ ಕಿವಿಯ ಹಿಂದೆ ಹಚ್ಚಿ ಅಲರ್ಜಿ ಇದೆಯಾ ನೋಡಿಕೊಳ್ಳಿ. ಗಂಡಸರಿಗೂ ಇದೇ ಮಾತು. ಹಿಂದಿನ ರಾತ್ರಿ ಕಪ್ಪು ಬಳಿದುಕೊಂಡು ಬಂದ ತಲೆ ಫ್ಲ್ಯಾಷ್ ಬೆಳಕಲ್ಲಿ ಹೆಲ್ಮೆಟ್ ಥರ ಕಾಣುತ್ತದೆ.

ಎಲ್ಲ ಶೂಟ್‌ಗೂ ಪಕ್ಕದಲ್ಲಿ ನಿಲ್ಲುವವರು ಬೇಕು ಅಂತ ನಾನು ಹೇಳುವುದಿಲ್ಲ. ಆಫೀಸಿನ ಗುರುತಿನ ಚೀಟಿಗೆ ಹತ್ತು ನಿಮಿಷದ ಫೋಟೋ ಆದರೆ ನಿಮ್ಮ ತಂಗಿ ಸಾಕು, ಬಾಚಣಿಗೆ ಕೊಟ್ಟು ನಿಲ್ಲಿಸಿ. ದುಡ್ಡು ಹೊಂದದಿದ್ದರೂ ದಾರಿ ಇದೆ. ದೊಡ್ಡ ಹೆಸರಿನವರನ್ನು ಒಂದು ಗಂಟೆಗೆ ಕರೆಸುವ ಬದಲು ಕಲಿತು ಒಂದೆರಡು ವರ್ಷವಾದ ಹುಡುಗಿಯನ್ನು ಇಡೀ ದಿನಕ್ಕೆ ಕರೆಸಿ, ಸರಳ ಜಡೆ ಹಾಕಿಸಿ. ನನ್ನ ವೃತ್ತಿಯವರು ಇದಕ್ಕೆ ಬೈದುಕೊಳ್ಳಬಹುದು. ನಾನು ಎರಡೂ ಥರದ ಆಲ್ಬಮ್ ನೋಡಿದ್ದೇನೆ, ಹಾಗಾಗಿ ಹೇಳಿದೆ.

ಹೋದ ವಾರ ಇನ್ನೊಂದು ಫೋನ್ ಬಂತು. ಜಯನಗರದ ಒಬ್ಬರು ಅಮ್ಮ. ಯಜಮಾನರಿಗೆ ಷಷ್ಟ್ಯಬ್ದಿ, ಮಕ್ಕಳು ಶೂಟ್ ಇಟ್ಟುಕೊಂಡಿದ್ದಾರೆ. ದುಡ್ಡಿನ ಮಾತು ಎತ್ತಲೇ ಇಲ್ಲ. "ನನ್ನ ಸೀಮಂತದಲ್ಲಿ ಮೊಗ್ಗಿನ ಜಡೆ ಹಾಕಿದ್ರು ಕಣಮ್ಮ, ಈಗ ಕೂದಲು ಇಷ್ಟೇ ಇಷ್ಟು ಉಳಿದಿದೆ. ಆಗುತ್ತಾ?" ಅಂದರು. ಚೌರಿ ಇಟ್ಟು ಮಾಡೋಣ, ಭಾರ ಆಗದ ಹಾಗೆ ನೋಡ್ಕೋತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಫೋಟೋ ಮುಗಿಯೋವರೆಗೂ ಇರ್ತೀಯಾ? ಇಲ್ಲಾಂದ್ರೆ ನಂಗೆ ಭಯ" ಅಂದರು.

ಮೊಗ್ಗಿಗೆ ಮೈಸೂರಿಗೇ ಹೇಳಿದ್ದೇನೆ, ಬೆಳಗಿನ ಬಸ್ಸಿಗೆ ಹಾಕುತ್ತಾರಂತೆ. ಆಳೆತ್ತರದ ಕನ್ನಡಿ ಬಾಡಿಗೆಗೆ ಎಲ್ಲಿ ಸಿಗುತ್ತದೆ ಅಂತ ಮಾತ್ರ ಇನ್ನೂ ಹುಡುಕುತ್ತಿದ್ದೇನೆ.