ಅಲೆಕ್ಸಾಂಡರ್‌ಪ್ಲಾಟ್ಸ್: ಅಗೆತ ಮುಗಿಯದ ಚೌಕ

ಜರ್ಮನ್ ಲೇಖಕ ಆಲ್‌ಫ್ರೆಡ್ ಡೋಬ್ಲಿನ್ ಅವರ ‘ಬರ್ಲಿನ್ ಅಲೆಕ್ಸಾಂಡರ್‌ಪ್ಲಾಟ್ಸ್’ ಕಾದಂಬರಿ ಓದಿ, ಆ ಚೌಕವನ್ನು ಕಣ್ಣಾರೆ ನೋಡಬೇಕೆಂದು ಬಂದವರಿಗೆ ರೈಲಿಳಿದ ಕೂಡಲೇ ಗಲಿಬಿಲಿ. 368 ಮೀಟರ್ ಎತ್ತರದ ಟಿವಿ ಗೋಪುರ, ಟ್ರಾಮ್ ಹಳಿ, ಮಾಲ್, ಕಾಮಗಾರಿಯ ಬೇಲಿ. ಕಾದಂಬರಿಯ ಚೌಕ ಎಲ್ಲಿ ಹೋಯಿತು?

ಇದು ಮೊದಲು ಊರಬಾಗಿಲಾಚೆಯ ದನದ ಸಂತೆ. 1805ರಲ್ಲಿ ರಷ್ಯದ ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ ಬರ್ಲಿನ್‌ಗೆ ಬಂದುಹೋದ ನೆನಪಿಗೆ ಈ ಹೆಸರು ಬಿತ್ತು. ರೈಲು, ಮಾರುಕಟ್ಟೆ, ಪೊಲೀಸ್ ಕೇಂದ್ರ ಕಚೇರಿ, ದೊಡ್ಡ ಅಂಗಡಿಗಳು ಬಂದು ನೂರು ವರ್ಷದಲ್ಲಿ ಗಿಜಿಗುಡತೊಡಗಿತು. ಊರವರ ಬಾಯಲ್ಲಿ ಬರೀ ‘ಅಲೆಕ್ಸ್’.

ಕಾದಂಬರಿ ಬಂದದ್ದು 1929ರಲ್ಲಿ. ಡೋಬ್ಲಿನ್ ವೃತ್ತಿಯಿಂದ ವೈದ್ಯರು, ನಗರದ ಪೂರ್ವಭಾಗದ ಕಾರ್ಮಿಕರ ನಡುವೆ ದವಾಖಾನೆ ಇಟ್ಟವರು. ಅವರ ನಾಯಕ ಫ್ರಾಂಟ್ಸ್ ಬೀಬರ್‌ಕೋಪ್ಫ್ ಟೇಗೆಲ್ ಜೈಲಿನಿಂದ ಹೊರಬಿದ್ದು 41ನೇ ನಂಬರಿನ ಟ್ರಾಮ್ ಹತ್ತುತ್ತಾನೆ. ಅವನು ಸುತ್ತಾಡುವ ಅಲೆಕ್ಸ್ ನೆಲದಡಿ ರೈಲಿಗಾಗಿ ಬಗೆದು ಹಾಕಿದ ಜಾಗ. ಜನ ಹಲಗೆಗಳ ಮೇಲೆ ನಡೆಯುತ್ತಾರೆ. ನಗರದೇವಿ ‘ಬೆರೋಲಿನಾ’ಳ ವಿಗ್ರಹವನ್ನೂ ಕಿತ್ತು ಒಯ್ದಾಗಿತ್ತು. ಆಶಿಂಗರ್ ಎಂಬ ಅಗ್ಗದ ಉಪಾಹಾರ ಮಂದಿರದಲ್ಲಿ ಬಟಾಣಿ ಸೂಪಿನ ಜತೆ ಬನ್ನು ಪುಕ್ಕಟೆ. ಅದರ ಮುಂದೆಯೇ ಉಗಿಯಂತ್ರವೊಂದು ಕಬ್ಬಿಣದ ತೊಲೆಗಳನ್ನು ಧಡ್ ಧಡ್ ಎಂದು ನೆಲಕ್ಕಿಳಿಸುತ್ತಿರುತ್ತದೆ. ಅಂದರೆ ಓದುಗರು ಹುಡುಕಿಕೊಂಡು ಬರುವ ‘ಹಳೆಯ ಚೌಕ’ವೇ ಆಗ ಒಂದು ಗುಂಡಿ.

ಆಗಿನ ನಗರ ಯೋಜಕ ಮಾರ್ಟಿನ್ ವಾಗ್ನರ್ ಅವರಿಗೆ ಮಹಾನಗರಕ್ಕೆ ತಕ್ಕ ಚೌಕ ಬೇಕಿತ್ತು. ಅದರ ಸುತ್ತಲಿನ ಕಟ್ಟಡಗಳಿಗೆ 25 ವರ್ಷ ಆಯುಸ್ಸು ಸಾಕು ಎಂಬುದು ಅವರ ಲೆಕ್ಕ. ತಮಾಷೆಯೆಂದರೆ, ಆಗ ವಾಸ್ತುಶಿಲ್ಪಿ ಪೀಟರ್ ಬೆಹ್ರೆನ್ಸ್ ಕಟ್ಟಿದ ಎರಡು ಕಟ್ಟಡಗಳು ಯುದ್ಧ ದಾಟಿ ಇವತ್ತಿಗೂ ನಿಂತಿವೆ. ಯೋಜನೆಯ ಉಳಿದ ಭಾಗ ಕಾಗದದಲ್ಲೇ ಉಳಿಯಿತು.

ಮುಂದೆ ಬಾಂಬು, ಬೂದಿ, ಇಬ್ಭಾಗವಾದ ನಗರ. ಪೂರ್ವ ಜರ್ಮನಿ ಉಳಿದದ್ದನ್ನು ಗುಡಿಸಿ ಹಾಕಿ ವಿಶಾಲ ಬಯಲು ಮಾಡಿತು. 1969ರಲ್ಲಿ ಟಿವಿ ಗೋಪುರ ಬಂತು, ವಿಶ್ವ ಗಡಿಯಾರವೂ ಬಂತು. ಗಾಳಿ ಬೀಸುವ ಬಯಲು, ನಿಜ. ಆದರೆ ‘ಗಡಿಯಾರದ ಹತ್ತಿರ ಸಿಗೋಣ’ ಎನ್ನುವ ರೂಢಿ ಹುಟ್ಟಿದ್ದು ಅಲ್ಲೇ. 1989ರ ನವೆಂಬರ್ 4ರಂದು ಲಕ್ಷಾಂತರ ಜನ ಸರ್ಕಾರದ ವಿರುದ್ಧ ನೆರೆಯಲು ಜಾಗ ಸಿಕ್ಕಿದ್ದೂ ಆ ಬಯಲಿನಿಂದಲೇ.

ಒಂದಾದ ಬರ್ಲಿನ್‌ಗೆ ಮತ್ತೆ ಹೊಸ ಅಲೆಕ್ಸ್ ಬೇಕಾಯಿತು. ವಾಸ್ತುಶಿಲ್ಪಿ ಹಾನ್ಸ್ ಕೋಲ್‌ಹೋಫ್ 1993ರಲ್ಲಿ ಕೊಟ್ಟ ನಕ್ಷೆಯಂತೆ ಸುಮಾರು 150 ಮೀಟರಿನ ಗೋಪುರಗಳ ಸಾಲು ಏಳಬೇಕಿತ್ತು. ಇಪ್ಪತ್ತು ವರ್ಷ ಕಳೆದರೂ ಒಂದೂ ಏಳಲಿಲ್ಲ. ಕೊನೆಗೆ ಅಡಿಪಾಯ ತೋಡಲು ಶುರುಮಾಡಿದಾಗ, 2022ರ ಅಕ್ಟೋಬರ್‌ನಲ್ಲಿ, ಪಕ್ಕದ ನೆಲದಡಿ ರೈಲಿನ ಯು2 ಮಾರ್ಗದ ಸುರಂಗ ಕೆಲವು ಸೆಂಟಿಮೀಟರ್ ಕುಸಿಯಿತು. ಆ ಸುರಂಗ ಬೀಬರ್‌ಕೋಪ್ಫ್‌ನ ಕಾಲಕ್ಕಿಂತಲೂ ಹಳೆಯದು, 1913ರದ್ದು. ಮರುವರ್ಷದ ಆಗಸ್ಟ್‌ವರೆಗೆ ಅಲ್ಲಿ ಒಂದೇ ಹಳಿಯ ಮೇಲೆ ಓಡಾಟ. ಗೋಪುರದ ನಕ್ಷೆಯಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಕಾಯುವವರಿಗೆ ಜಾಗವಿರುವುದಿಲ್ಲವಲ್ಲ.

ಕಾದಂಬರಿಯ ಚೌಕ ನೋಡಲೇಬೇಕೆಂದರೆ ಮೇಲೆ ಅಲೆಯುವುದು ಬಿಟ್ಟು ಯು8 ಪ್ಲಾಟ್‌ಫಾರ್ಮಿಗೆ ಇಳಿಯಬೇಕು. ಡೋಬ್ಲಿನ್ ಕಂಡ ಅಗೆತದಿಂದ 1930ರಲ್ಲಿ ತೆರೆದುಕೊಂಡ ನಿಲ್ದಾಣ ಅದು. ಗೋಡೆ, ಕಂಬಗಳಿಗೆ ನೀಲಿಹಸಿರು ಟೈಲ್ಸ್.